ವೀಕೆಂಡ್ ಬೇರೆ, ವೀಕ್ ಆಫ್ ಬೇರೆ

ನಮ್ಮ ಬೀದಿಯ ಕೊನೆಯ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡುವವರೊಬ್ಬರಿದ್ದಾರೆ. ರಾಯಚೂರು ಕಡೆಯವರು. ಒಂದು ಶುಕ್ರವಾರ ಸಂಜೆ ಹಾಲು ತರಲು ಹೋದಾಗ ಮಾತಿಗೆ ಸಿಕ್ಕರು. "ವೀಕೆಂಡ್‌ಗೆ ಊರಿಗೆ ಹೋಗ್ತೀರಾ ಅಣ್ಣ?" ಎಂದು ಕೇಳಿದೆ. "ನಮಗೆಲ್ಲಿ ವೀಕೆಂಡ್ ರೀ ಸರ್. ನಂದು ವೀಕಾಫ್ ಬುಧವಾರ ಅದ" ಎಂದರು. ಅವರ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಆಕೆಗೆ ರಜೆ ಭಾನುವಾರ. ಮಗಳ ಶಾಲೆಗೂ ಭಾನುವಾರವೇ. ಮನೆಯಲ್ಲಿ ಮೂರು ಜನ. ಮೂವರೂ ಒಟ್ಟಿಗೆ ಮಧ್ಯಾಹ್ನದ ಊಟಕ್ಕೆ ಕೂರುವುದು ಹಬ್ಬಕ್ಕೆ ಮಾತ್ರ.

ವಾರಕ್ಕೊಂದು ದಿನ ರಜೆ ಅವರಿಗೂ ಇದೆ. ಲೆಕ್ಕದಲ್ಲಿ ಏನೂ ಕಡಿಮೆಯಿಲ್ಲ. ಆದರೂ ಅವರು ಅದನ್ನು ವೀಕೆಂಡ್ ಎಂದು ಕರೆಯಲಿಲ್ಲ. ಹೋಟೆಲಿನಲ್ಲಿ, ಮಾಲ್‌ನಲ್ಲಿ, ಆಸ್ಪತ್ರೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಯಾರನ್ನೇ ಕೇಳಿ, "ವೀಕಾಫ್ ಯಾವತ್ತು?" ಎಂಬುದೇ ಅವರ ಮಾತು. ಈ ಎರಡು ಪದಗಳ ನಡುವೆ ದೊಡ್ಡದೊಂದು ವ್ಯತ್ಯಾಸವಿದೆ ಎಂದು ಅವತ್ತು ಅನ್ನಿಸಿತು. ವಾರಕ್ಕೆ 70 ಗಂಟೆ, 90 ಗಂಟೆ ದುಡಿಯಬೇಕು ಎಂಬ ಮಾತು ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಏಳುತ್ತಿರುವ ಈ ಹೊತ್ತಿನಲ್ಲಿ ಆ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಅದಕ್ಕೆ ವೀಕೆಂಡ್ ಎಂಬ ಪದ ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು ಎಂದು ನೋಡಬೇಕು.

ಮೊದಲು ಪದವನ್ನು ಬಿಡಿಸೋಣ. ವೀಕ್ ಎಂಬುದು ಹಳೆಯ ಇಂಗ್ಲಿಷಿನ ಮಾತು. ಅದರ ಮೂಲದಲ್ಲಿ ಸರದಿ, ತಿರುಗಿ ಬರುವುದು ಎಂಬ ಅರ್ಥವಿದೆ. ನಮ್ಮ ವಾರವೂ ಹಾಗೆಯೇ. ಸಂಸ್ಕೃತದಲ್ಲಿ ವಾರ ಎಂದರೆ ಸರದಿ. ಹಿಂದೆ ಓದುವ ಬಡ ಹುಡುಗರು ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಊಟ ಮಾಡುತ್ತಿದ್ದುದನ್ನು ವಾರಾನ್ನ ಎನ್ನುತ್ತಿದ್ದೆವಲ್ಲ, ಅದೇ ವಾರ. ಎರಡು ದೂರದ ನಾಡುಗಳು ಏಳು ದಿನಗಳ ಸುತ್ತನ್ನು ಒಂದೇ ರೀತಿ ಕಂಡಿವೆ.

ಎಂಡ್ ಇನ್ನೂ ಹತ್ತಿರದ ನೆಂಟ. ಇಂಗ್ಲಿಷಿನ ಎಂಡ್ ಮತ್ತು ಸಂಸ್ಕೃತದ ಅಂತ ಒಂದೇ ಬೇರಿನಿಂದ ಬಂದವು ಎಂದು ಭಾಷಾಶಾಸ್ತ್ರ ಹೇಳುತ್ತದೆ. ಹಾಗಾಗಿ ಕನ್ನಡ ಪತ್ರಿಕೆಗಳು ವೀಕೆಂಡ್‌ಗೆ ವಾರಾಂತ್ಯ ಎಂದು ಬರೆದಾಗ, ಎಂದೋ ಬೇರೆಯಾದ ಇಬ್ಬರು ದಾಯಾದಿಗಳು ಮತ್ತೆ ಒಂದೇ ಮನೆಗೆ ಬಂದಂತಾಯಿತು.

ಈಗ ನಿಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಹೆಚ್ಚಿನ ಕನ್ನಡ ಕ್ಯಾಲೆಂಡರುಗಳಲ್ಲಿ ಭಾನುವಾರ ಮೊದಲ ಸಾಲಿನಲ್ಲಿರುತ್ತದೆ, ಕೆಂಪು ಅಕ್ಷರದಲ್ಲಿ. ಪಂಚಾಂಗದ ಲೆಕ್ಕದಲ್ಲೂ ವಾರ ಶುರುವಾಗುವುದು ಆದಿತ್ಯವಾರದಿಂದ. ಕ್ರೈಸ್ತರ ಹಳೆಯ ಲೆಕ್ಕವೂ ಹಾಗೆಯೇ. ಹಾಗಿದ್ದರೆ ವಾರದ ಮೊದಲ ದಿನ ವಾರದ ಕೊನೆಯಾಗಿದ್ದು ಹೇಗೆ? ಉತ್ತರ ಸರಳ. ಈ ಪದ ಹುಟ್ಟಿದ್ದು ದೇವರ ಕ್ಯಾಲೆಂಡರಿನಿಂದಲ್ಲ, ಸಂಬಳದ ಲೆಕ್ಕದಿಂದ. ಇಲ್ಲಿ ಮುಗಿಯುವುದು ದುಡಿಮೆಯ ವಾರ. ಶನಿವಾರ ಕೂಲಿ ಕೈಗೆ ಬಂತು, ಕೆಲಸ ಮುಗಿಯಿತು, ಅದೇ ಎಂಡ್.

ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಈ ಪದ 17ನೇ ಶತಮಾನದಲ್ಲೇ ಕಾಣಿಸಿಕೊಂಡಿತ್ತು. ಆದರೆ ಅದು ಆ ಸೀಮೆಯನ್ನು ದಾಟಿರಲಿಲ್ಲ. 1879ರಲ್ಲಿ ಲಂಡನ್ನಿನ 'ನೋಟ್ಸ್ ಅಂಡ್ ಕ್ವೆರೀಸ್' ಎಂಬ ಪತ್ರಿಕೆಯಲ್ಲಿ ಇದನ್ನು ವಿವರಿಸುವ ಟಿಪ್ಪಣಿಯೊಂದು ಬಂತು. ಸ್ಟಾಫರ್ಡ್‌ಶೈರ್ ಕಡೆ ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿದವನು ಆ ಸಂಜೆ ಮತ್ತು ಭಾನುವಾರವನ್ನು ದೂರದ ಗೆಳೆಯರ ಮನೆಯಲ್ಲಿ ಕಳೆದರೆ, ಅವನು ಅಲ್ಲಿ ತನ್ನ ವೀಕೆಂಡ್ ಕಳೆಯುತ್ತಿದ್ದಾನೆ ಎನ್ನುತ್ತಾರೆ ಎಂದು ಅದರಲ್ಲಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಕೆಲಸ ಮುಗಿಸಿ ಹೊರಡುವವನು ಕಾರ್ಮಿಕ. ಹೋಗುವುದು ಗೆಳೆಯರ ಮನೆಗೆ. ಆ ಗೆಳೆಯರೂ ಅವತ್ತು ಮನೆಯಲ್ಲಿ ಸಿಗುತ್ತಾರೆ. ಅವರಿಗೂ ಅದೇ ಹೊತ್ತಿಗೆ ಕೆಲಸ ಬಿಟ್ಟಿದೆ. ವೀಕೆಂಡ್ ಎಂಬ ಪದದ ಹೊಟ್ಟೆಯಲ್ಲಿ ಇನ್ನೊಬ್ಬರ ಬಿಡುವು ಕೂಡ ಸೇರಿಕೊಂಡಿದೆ.

ಅದಕ್ಕಿಂತ ಹಿಂದೆ ಇಂಗ್ಲೆಂಡಿನಲ್ಲಿ ದುಡಿಯುವವರ ಬಿಡುವಿನ ದಿನ ಸೋಮವಾರವಾಗಿತ್ತು. ಇದು ಕೇಳಿದರೆ ಆಶ್ಚರ್ಯವಾಗುತ್ತದೆ, ಅಲ್ವಾ? ನೇಕಾರರು, ಚಮ್ಮಾರರು, ಚಾಕು ಕತ್ತರಿ ಮಾಡುವವರು ಮನೆಯಲ್ಲೋ ಸಣ್ಣ ಕಾರ್ಖಾನೆಯಲ್ಲೋ ದುಡಿಯುತ್ತಿದ್ದರು. ಕೂಲಿ ಮಾಡಿದ ಕೆಲಸಕ್ಕೆ, ಗಂಟೆಗಲ್ಲ. ಶನಿವಾರ ದುಡ್ಡು ಸಿಕ್ಕುತ್ತಿತ್ತು. ಭಾನುವಾರ ಚರ್ಚು. ಸೋಮವಾರ ಮಗ್ಗದ ಮುಂದೆ ಕೂರಲು ಯಾರಿಗೂ ಮನಸ್ಸಿಲ್ಲ. ಕುಡಿಯುವುದು, ಕೋಳಿ ಅಂಕ, ಜಾತ್ರೆ, ನೆಂಟರ ಮನೆ, ಎಲ್ಲ ಸೋಮವಾರಕ್ಕೆ. ಉಳಿದ ದಿನಗಳಲ್ಲಿ, ಅದರಲ್ಲೂ ಗುರುವಾರ ಶುಕ್ರವಾರ ದೀಪ ಹಚ್ಚಿಕೊಂಡು ತಡರಾತ್ರಿಯವರೆಗೆ ದುಡಿದು ಸರಿದೂಗಿಸುತ್ತಿದ್ದರು. ಸೋಮವಾರವೂ ಒಬ್ಬ ಸಂತನ ಹಬ್ಬವೇ ಎಂಬಂತೆ ಅದಕ್ಕೆ ಸೇಂಟ್ ಮಂಡೇ ಎಂದು ಹೆಸರಿಟ್ಟಿದ್ದರು. ಫ್ರಾನ್ಸಿನಲ್ಲೂ ಇದೇ ಸಂತ ಸೋಮವಾರ ಇತ್ತು. ಜರ್ಮನಿಯಲ್ಲಿ ಅದು ನೀಲಿ ಸೋಮವಾರ.

ಮುಂದೆ ಅಮೆರಿಕದ ದೊಡ್ಡ ನಾಯಕನಾದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ, 1725ರ ಸುಮಾರಿಗೆ, ಲಂಡನ್ನಿನ ಅಚ್ಚುಕೂಟದಲ್ಲಿ ಕೆಲಸ ಮಾಡಿದ್ದ. ತಾನು ಒಮ್ಮೆಯೂ ಸೇಂಟ್ ಮಂಡೇ ಆಚರಿಸದೆ ತಪ್ಪದೆ ಕೆಲಸಕ್ಕೆ ಬರುತ್ತಿದ್ದರಿಂದ ಯಜಮಾನನಿಗೆ ತನ್ನ ಮೇಲೆ ಮೆಚ್ಚುಗೆ ಇತ್ತು ಎಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಹಾಗೆ ಬರೆಯಬೇಕಾಯಿತು ಎಂದರೆ ಉಳಿದವರೆಲ್ಲ ಎಷ್ಟು ನಿಷ್ಠೆಯಿಂದ ಆಚರಿಸುತ್ತಿದ್ದರು ಎಂದು ಊಹಿಸಬಹುದು.

ನಮ್ಮಲ್ಲೂ ಸೋಮವಾರಕ್ಕೆ ಇಂಥದ್ದೊಂದು ಸ್ಥಾನವಿದೆ. ಕರ್ನಾಟಕದ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಬಿಡುವು ಎಂದರೆ ಹೂಡುವವನಿಗೂ ಬಿಡುವು. ಅಮಾವಾಸ್ಯೆಗೂ ಹಾಗೆಯೇ. ಒಬ್ಬ ರೈತ ಮಾತ್ರ ಅವತ್ತು ಎತ್ತು ಬಿಚ್ಚಿ ಕೂರುವುದಲ್ಲ, ಊರೇ ಬಿಚ್ಚುತ್ತದೆ. ಸಂತೆಯ ದಿನವೂ ಅಂಥದ್ದೇ. ಸಂತೆಗೆ ಹೋದರೆ ಪಕ್ಕದ ಊರಿನ ಬೀಗರು ಸಿಗುತ್ತಾರೆ ಎಂಬ ಭರವಸೆ ಇರುತ್ತದೆ. ಯಾವ ಕಾನೂನೂ ಬರೆದುಕೊಡದಿದ್ದರೂ ಜನ ತಮ್ಮ ಬಿಡುವನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳುತ್ತಾರೆ.

ಇಂಗ್ಲೆಂಡಿನ ಸೇಂಟ್ ಮಂಡೇಗೆ ಕುತ್ತು ತಂದಿದ್ದು ಉಗಿಯಂತ್ರ. ಕೈಮಗ್ಗ ಒಬ್ಬ ಬರದಿದ್ದರೆ ಸುಮ್ನೆ ನಿಂತಿರುತ್ತದೆ, ನಷ್ಟ ಅವನದೇ. ಉಗಿಯಂತ್ರ ಹಾಗಲ್ಲ. ಬಾಯ್ಲರಿಗೆ ಬೆಂಕಿ ಹಾಕಿದ ಮೇಲೆ ನೂರು ಜನ ಬಂದರೂ ಅಷ್ಟೇ ಕಲ್ಲಿದ್ದಲು, ಮೂವತ್ತು ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ. ಮಾಲೀಕರು ಸೋಮವಾರದ ಗೈರುಹಾಜರಿಗೆ ದಂಡ ಹಾಕಿದರು, ಕೆಲಸದಿಂದ ತೆಗೆದರು. ಆದರೂ ಸಂತ ಸೋಮವಾರ ಬೇಗ ಸಾಯಲಿಲ್ಲ. ಬರ್ಮಿಂಗ್‌ಹ್ಯಾಮ್‌ನಂಥ ಊರಿನಲ್ಲಿ 19ನೇ ಶತಮಾನದ ನಡುವಿನವರೆಗೂ ಗಟ್ಟಿಯಾಗಿಯೇ ಉಳಿದಿತ್ತು.

ಕೊನೆಗೆ ಒಂದು ಕೊಡು ಕೊಳ್ಳುವ ವ್ಯವಹಾರ ನಡೆಯಿತು. ಸೋಮವಾರ ಸರಿಯಾದ ಹೊತ್ತಿಗೆ ಕೆಲಸಕ್ಕೆ ಬನ್ನಿ, ಶನಿವಾರ ಮಧ್ಯಾಹ್ನ ಬೇಗ ಬಿಡುತ್ತೇವೆ. ಇದರ ಹಿಂದೆ ಹಲವರಿದ್ದರು. ಅಂಗಡಿಗಳು ಬೇಗ ಮುಚ್ಚಬೇಕೆಂದು 1842ರಿಂದ ಒಂದು ಸಂಘವೇ ಹೋರಾಡುತ್ತಿತ್ತು. ಶನಿವಾರವೇ ಆಟ, ಸಾಮಾನು ಖರೀದಿ ಮುಗಿದರೆ ಭಾನುವಾರ ಜನ ಚರ್ಚಿಗೆ ಬರುತ್ತಾರೆ ಎಂದು ಪಾದ್ರಿಗಳು ಬೆಂಬಲಿಸಿದರು. ಸೋಮವಾರದ ಕುಡಿತ ನಿಲ್ಲುತ್ತದೆ ಎಂದು ಪಾನನಿರೋಧದವರು ಸೇರಿಕೊಂಡರು. ಕಾರ್ಮಿಕ ಸಂಘಗಳಿಗಂತೂ ಕೆಲಸದ ಗಂಟೆ ಇಳಿಸುವುದೇ ದೊಡ್ಡ ಬೇಡಿಕೆ.

1850ರ ಕಾರ್ಖಾನೆ ಕಾಯ್ದೆ ಇದಕ್ಕೆ ಮುದ್ರೆ ಒತ್ತಿತು. ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಎಳೆಯರು ಶನಿವಾರ ಮಧ್ಯಾಹ್ನ 2 ಗಂಟೆಯ ಮೇಲೆ ದುಡಿಯುವಂತಿಲ್ಲ ಎಂದಿತು. ಕಾಯ್ದೆಯಲ್ಲಿ ಗಂಡಸರ ಹೆಸರಿರಲಿಲ್ಲ. ಆದರೆ ಹೆಂಗಸರಿಲ್ಲದೆ ಗಿರಣಿ ಓಡುತ್ತಿರಲಿಲ್ಲ. ಅವರು ಹೊರಟ ಮೇಲೆ ಯಂತ್ರ ನಿಲ್ಲಲೇಬೇಕು, ಗಂಡಸರೂ ಮನೆಗೆ ಹೋಗಲೇಬೇಕು. ಅಂದರೆ ವೀಕೆಂಡಿನ ಈ ಕಾನೂನು ಗಿರಣಿಯ ಹೆಣ್ಣುಮಕ್ಕಳ ಹೆಸರಿನಲ್ಲಿ ಬಂತು, ಅವರ ಬೆನ್ನಿಗೆ ಊರಿಗೆಲ್ಲ ಸಿಕ್ಕಿತು. ಈ ವಿಷಯ ನನಗೆ ತುಂಬ ಇಷ್ಟ. ಇವತ್ತು ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಗೇಟಿನಿಂದ ಸಂಜೆ ಒಟ್ಟಾಗಿ ಹೊರಬರುವ ಸಾವಿರಾರು ಹೆಣ್ಣುಮಕ್ಕಳನ್ನು ಕಂಡಾಗ ಇದು ನೆನಪಾಗುತ್ತದೆ.

ಒಮ್ಮೆ ಎಲ್ಲರಿಗೂ ಒಂದೇ ಹೊತ್ತಿಗೆ ಬಿಡುವು ಸಿಕ್ಕ ಮೇಲೆ ಏನೇನು ಹುಟ್ಟಿತು ನೋಡಿ. ಶನಿವಾರ ಮಧ್ಯಾಹ್ನದ ಫುಟ್‌ಬಾಲ್ ಹುಟ್ಟಿತು. 1888ರಲ್ಲಿ ಶುರುವಾದ ಇಂಗ್ಲಿಷ್ ಫುಟ್‌ಬಾಲ್ ಲೀಗಿನ ಹೆಚ್ಚಿನ ಕ್ಲಬ್‌ಗಳು ಗಿರಣಿ, ಕಾರ್ಖಾನೆಗಳ ಊರಿನವು. ಪಂದ್ಯ ಮಧ್ಯಾಹ್ನ 3ಕ್ಕೆ ಶುರುವಾಗುವ ಪದ್ಧತಿಯ ಬೇರು ಕಾರ್ಖಾನೆ ಬಿಡುವ ಹೊತ್ತಿನಲ್ಲಿದೆ. ಕೆಲಸ ಬಿಟ್ಟು, ಊಟ ಮುಗಿಸಿ, ಮೈದಾನಕ್ಕೆ ಬರಲು ಬೇಕಾದಷ್ಟೇ ಸಮಯ ಅದು. ರೈಲು ಕಂಪನಿಗಳು ಶನಿವಾರ ಹೋಗಿ ಸೋಮವಾರ ಮರಳುವವರಿಗೆ ಅಗ್ಗದ ಟಿಕೆಟ್ ಬಿಟ್ಟವು. ಟಿಕೆಟಿನ ಜೊತೆಗೆ ಪದವೂ ಉತ್ತರದಿಂದ ದಕ್ಷಿಣಕ್ಕೆ ಪ್ರಯಾಣ ಮಾಡಿತು. ಸಿರಿವಂತರಿಗೆ ಮಾತ್ರ ಈ ಪದ ಬಹಳ ಕಾಲ ಹಿಡಿಸಲಿಲ್ಲ. ಅವರು ಹಳ್ಳಿಯ ಬಂಗಲೆಗಳಲ್ಲಿ ಕೂಟ ಸೇರುವುದನ್ನು 'ಶನಿವಾರದಿಂದ ಸೋಮವಾರ' ಎನ್ನುತ್ತಿದ್ದರು. ವೀಕೆಂಡ್ ಎಂದರೆ ಕೂಲಿಯವರ ಮಾತು ಎಂದು ಮೂಗು ಮುರಿಯುತ್ತಿದ್ದರು. ವಾರವಿಡೀ ಬಿಡುವಾಗಿರುವವರಿಗೆ ವಾರಕ್ಕೊಂದು ಕೊನೆ ಬೇಕಿರಲಿಲ್ಲ.

ಇದಾದ ಮೇಲೆ ಪದ ಬೇರೆ ನಾಡುಗಳಿಗೂ ಹೋಯಿತು. ಫ್ರೆಂಚರು 20ನೇ ಶತಮಾನದ ಆರಂಭದಲ್ಲಿ ಹಾಗೆಯೇ ಎತ್ತಿಕೊಂಡರು. ಕೆನಡಾದ ಕ್ವಿಬೆಕ್‌ನ ಫ್ರೆಂಚರು ಒಪ್ಪದೆ ತಮ್ಮದೇ ನುಡಿಯಲ್ಲಿ 'ಫ್ಯಾನ್ ದ ಸೆಮೆನ್' ಎನ್ನುತ್ತಾರೆ. ಶನಿವಾರ ಪೂರ್ತಿ ರಜೆಯಾಗಿದ್ದು ಅಮೆರಿಕದಿಂದ. 1908ರಲ್ಲಿ ನ್ಯೂ ಇಂಗ್ಲೆಂಡ್ ಪ್ರದೇಶದ ಒಂದು ನೂಲಿನ ಗಿರಣಿ, ಶನಿವಾರ ಸಬ್ಬತ್ ಎಂಬ ವಿಶ್ರಾಂತಿಯ ದಿನ ಆಚರಿಸುವ ಯಹೂದಿ ಕಾರ್ಮಿಕರಿಗಾಗಿ ಎರಡು ದಿನ ರಜೆ ಕೊಟ್ಟಿತು. 1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ವಾರಕ್ಕೆ ಐದು ದಿನ, 40 ಗಂಟೆ ಜಾರಿಗೆ ತಂದ. ಬಿಡುವಿರುವ ಜನ ಹೆಚ್ಚು ಕೊಳ್ಳುತ್ತಾರೆ, ಕಾರಿನಲ್ಲಿ ಸುತ್ತುತ್ತಾರೆ ಎಂಬ ವ್ಯಾಪಾರದ ಲೆಕ್ಕವನ್ನು ಅವನು ಮುಚ್ಚಿಡಲಿಲ್ಲ. 1938ರ ಕಾನೂನು 1940ರ ಹೊತ್ತಿಗೆ 40 ಗಂಟೆಯ ವಾರವನ್ನು ಅಲ್ಲಿ ಮಾಮೂಲು ಮಾಡಿತು.

ವೀಕೆಂಡ್ ಎಂದರೇನು ಎಂದು ನಿಜವಾಗಿ ತಿಳಿಯಬೇಕಾದರೆ ಅದನ್ನು ಕಿತ್ತುಹಾಕಿದ ದೇಶವನ್ನು ನೋಡಬೇಕು. 1929ರಲ್ಲಿ ಸೋವಿಯತ್ ಒಕ್ಕೂಟ ಏಳು ದಿನದ ವಾರವನ್ನೇ ತೆಗೆದು ಐದು ದಿನದ ಸುತ್ತು ತಂದಿತು. ಕಾರ್ಮಿಕರನ್ನು ಐದು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಬಣ್ಣ ಕೊಟ್ಟರು. ನಾಲ್ಕು ದಿನ ಕೆಲಸ, ಐದನೆಯ ದಿನ ರಜೆ. ಆದರೆ ಒಂದೊಂದು ಬಣ್ಣಕ್ಕೆ ಒಂದೊಂದು ದಿನ ರಜೆ. ಯಾವತ್ತೂ ಐದರಲ್ಲಿ ನಾಲ್ಕು ಪಾಲು ಜನ ಕೆಲಸದಲ್ಲಿರುತ್ತಾರೆ, ಯಂತ್ರ ಒಂದು ದಿನವೂ ನಿಲ್ಲುವುದಿಲ್ಲ. ಜೊತೆಗೆ ಭಾನುವಾರ ಚರ್ಚಿಗೆ ಹೋಗುವ ಅಭ್ಯಾಸವೂ ತಪ್ಪುತ್ತದೆ.

ಲೆಕ್ಕಕ್ಕೆ ನೋಡಿದರೆ ಕಾರ್ಮಿಕನಿಗೆ ಲಾಭ. ಏಳು ದಿನಕ್ಕೊಮ್ಮೆ ಸಿಗುತ್ತಿದ್ದ ರಜೆ ಐದು ದಿನಕ್ಕೊಮ್ಮೆ ಸಿಕ್ಕಿತು. ಆದರೂ ಜನ ಒದ್ದಾಡಿದರು. ಗಂಡ ಒಂದು ಬಣ್ಣ, ಹೆಂಡತಿ ಒಂದು ಬಣ್ಣ. ಗೆಳೆಯರ ವಿಳಾಸದ ಪುಸ್ತಕದಲ್ಲಿ ಹೆಸರಿನ ಪಕ್ಕ ಅವರ ಬಣ್ಣವನ್ನೂ ಗುರುತು ಮಾಡಿಕೊಳ್ಳಬೇಕಾಯಿತು. ಹೆಂಡತಿ ಕಾರ್ಖಾನೆಯಲ್ಲಿ, ಮಕ್ಕಳು ಶಾಲೆಯಲ್ಲಿ ಇರುವಾಗ ಮನೆಯಲ್ಲಿ ಕೂತು ಏನು ಮಾಡುವುದು, ಒಬ್ಬನೇ ಕಳೆಯುವುದು ಎಂಥ ರಜೆ ಎಂದು ಕಾರ್ಮಿಕರು ದೂರಿದರು. ಒಬ್ಬರ ಯಂತ್ರವನ್ನು ಇನ್ನೊಬ್ಬರು ಓಡಿಸುವುದರಿಂದ ಯಾರಿಗೂ ಹೊಣೆಯಿಲ್ಲದೆ ಯಂತ್ರಗಳೂ ಕೆಟ್ಟವು. 1931ರಲ್ಲಿ ಆರು ದಿನದ ಸುತ್ತು ಬಂತು, ಎಲ್ಲರಿಗೂ ಒಂದೇ ದಿನ ರಜೆ. 1940ರ ಜೂನ್‌ನಲ್ಲಿ ಏಳು ದಿನದ ವಾರ, ಭಾನುವಾರದ ರಜೆ ಎರಡೂ ಮರಳಿದವು. ಆ ಐದು ಬಣ್ಣಗಳ ರಷ್ಯನ್ ಕಾರ್ಮಿಕನಿಗೆ ಇದ್ದದ್ದು ವೀಕಾಫ್. ಕಳೆದುಕೊಂಡದ್ದು ವೀಕೆಂಡ್. ನಮ್ಮ ಬೀದಿಯ ರಾಯಚೂರಿನ ಅಣ್ಣ ಹೇಳಿದ್ದೂ ಅದನ್ನೇ.

ಭಾರತಕ್ಕೆ ಬರೋಣ. ಭಾನುವಾರದ ರಜೆ ಇಂಗ್ಲಿಷರು ಕೊಟ್ಟು ಹೋದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಕಚೇರಿಗಳ ಮಟ್ಟಿಗೆ ಅದು ಸರಿ. ಕಾರ್ಖಾನೆಯ ಕೂಲಿಗೆ ಅದು ಬಂದದ್ದು ಬೇರೆ ದಾರಿಯಲ್ಲಿ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೆಲಸ, ವಾರದ ರಜೆಯ ಭರವಸೆ ಇಲ್ಲ. ಜ್ಯೋತಿಬಾ ಫುಲೆಯವರ ಜೊತೆಗಾರ, 'ದೀನಬಂಧು' ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ಸುಮಾರು 5,500 ಕಾರ್ಮಿಕರ ಸಹಿಯೊಂದಿಗೆ ಬೇಡಿಕೆಗಳನ್ನು ಮುಂದಿಟ್ಟರು. ಅದರಲ್ಲಿ ಭಾನುವಾರದ ರಜೆಯೂ ಇತ್ತು. 1890ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ ನಡೆದ ಸಭೆಗೆ ಸಾವಿರಾರು ಕಾರ್ಮಿಕರು ಸೇರಿದರು. ಇಬ್ಬರು ಹೆಂಗಸರು ಎದ್ದು ಮಾತಾಡಿದರು. 1890ರ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಕಾಯ್ದೆಯಲ್ಲಿ ವಾರದ ರಜೆ ಕಾನೂನಾಯಿತು.

ಬೇಡಿಕೆ ಕಾನೂನಾಗಲು ಏಳು ವರ್ಷ ಹಿಡಿಯಿತು ಎಂಬುದನ್ನು ಬಿಟ್ಟುಬಿಡಬಾರದು. ಇನ್ನೊಂದು ಮಾತು. ಭಾನುವಾರ ಖಂಡೋಬನ ವಾರ, ನಮ್ಮ ಮೈಲಾರಲಿಂಗನ ವಾರ. ಮರಾಠಿ ಗಿರಣಿ ಕಾರ್ಮಿಕನಿಗೆ ಭಾನುವಾರ ಹೊರಗಿನ ದಿನವೇನಾಗಿರಲಿಲ್ಲ.

ಅಲ್ಲಿಂದ ಕೆಲಸದ ಗಂಟೆ ನಿಧಾನವಾಗಿ ಇಳಿಯಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54. ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದ ಡಾ. ಅಂಬೇಡ್ಕರ್ ಅವರ ಪ್ರಯತ್ನದಿಂದ 1946ರಲ್ಲಿ 48ಕ್ಕೆ ಬಂತು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಎಂದು ಗಟ್ಟಿ ಮಾಡಿತು. ಎರಡು ದಿನದ ರಜೆ ಬಂದದ್ದು ಬಹಳ ತಡವಾಗಿ, ಅದೂ ಕೆಲವರಿಗೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ 1985ರಲ್ಲಿ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ. ಕರ್ನಾಟಕ ಸರ್ಕಾರದ ನೌಕರರಿಗೆ ನಾಲ್ಕನೆಯ ಶನಿವಾರ ಸಿಕ್ಕಿದ್ದು 2019ರಲ್ಲಿ, ಅದಕ್ಕೆ ಬದಲಾಗಿ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು.

ಕನ್ನಡದಲ್ಲಿ ವೀಕೆಂಡ್ ಎಂಬ ಮಾತು ಮನೆಮನೆಗೆ ಬಂದದ್ದು ಸಾಫ್ಟ್‌ವೇರ್ ಕಂಪನಿಗಳ ಜೊತೆಗೆ. ಶುಕ್ರವಾರ ರಾತ್ರಿ ಊರಿಗೆ ಹೊರಡುವ ಬಸ್ಸು, ನಂದಿಬೆಟ್ಟ, ಚಿಕ್ಕಮಗಳೂರಿನ ದಾರಿಯ ಟ್ರಾಫಿಕ್ಕು, ಇದೆಲ್ಲ ಆ ಪದದ ಕನ್ನಡದ ಅರ್ಥವೇ ಆಗಿಹೋಯಿತು. ಕೊರೊನಾ ಕಾಲದಲ್ಲಿ ವಾರಾಂತ್ಯದ ಕರ್ಫ್ಯೂ ಬಂದಾಗ ವೀಕೆಂಡ್ ಎಷ್ಟು ಗಂಟೆಗೆ ಶುರು ಎಂದು ಸರ್ಕಾರವೇ ಹೇಳಿತು. 2022ರ ಜನವರಿಯಲ್ಲಿ ಅದು ಶುಕ್ರವಾರ ರಾತ್ರಿ 10ರಿಂದ ಸೋಮವಾರ ಬೆಳಗ್ಗೆ 5. ಕರಾವಳಿಯವರಿಗೆ ಇನ್ನೊಂದು ವೀಕೆಂಡ್ ಕೂಡ ಗೊತ್ತು. ಗಲ್ಫ್‌ನಲ್ಲಿ ಮಗನೋ ಗಂಡನೋ ಇರುವ ಮಂಗಳೂರು, ಭಟ್ಕಳದ ಮನೆಗಳಲ್ಲಿ ಶುಕ್ರವಾರ ಎಂದರೆ ಫೋನ್ ಬರುವ ದಿನ. ಯುಎಇ 2006ರಲ್ಲಿ ಗುರುವಾರ, ಶುಕ್ರವಾರದ ರಜೆಯನ್ನು ಶುಕ್ರವಾರ, ಶನಿವಾರಕ್ಕೆ ತಂದಿತು. 2022ರಲ್ಲಿ ಶನಿವಾರ, ಭಾನುವಾರಕ್ಕೆ ಬದಲಿಸಿತು. ಆಗ ಈ ಮನೆಗಳ ಭಾನುವಾರದ ಬಿಡುವು ಮತ್ತು ಯುಎಇಯಲ್ಲಿರುವ ಹಲವರ ಬಿಡುವು ಒಂದೇ ದಿನಕ್ಕೆ ಬಿದ್ದವು.

ಈಗ ಇವತ್ತಿನ ಜಗಳಕ್ಕೆ ಬರುತ್ತೇನೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಮರುವರ್ಷ, ದೇಶ ಆರು ದಿನದ ವಾರದಿಂದ ಐದು ದಿನಕ್ಕೆ ಇಳಿದದ್ದು ತಮಗೆ ಬೇಸರ ತಂದಿತ್ತು ಎಂದೂ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು, ಭಾನುವಾರವೂ ಕೆಲಸ ಮಾಡಿಸಲು ಆಗುತ್ತಿಲ್ಲ ಎಂಬ ಮಾತು ಹೊರಬಂತು. ಮಾತಿನ ಜೊತೆಗೆ ಕಾನೂನಿನ ಕೆಲಸವೂ ನಡೆದಿದೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ಕೆಲಸಕ್ಕೆ ದಾರಿ ಮಾಡಿತು. 2024ರಲ್ಲಿ ಐಟಿ ವಲಯಕ್ಕೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದು, ಐಟಿ ನೌಕರರ ಸಂಘ ಬಲವಾಗಿ ವಿರೋಧಿಸಿತು.

70 ಗಂಟೆಯನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 11 ಗಂಟೆ 40 ನಿಮಿಷ. ಬೆಂಗಳೂರಿನಲ್ಲಿ ಹೋಗಿ ಬರುವುದಕ್ಕೆ ಎರಡು ಗಂಟೆ ಎಂದುಕೊಂಡರೂ ಮನೆಯಿಂದ ಹೊರಗೆ ಹದಿನಾಲ್ಕು ಗಂಟೆಗೆ ಸ್ವಲ್ಪ ಕಡಿಮೆ. ಉಳಿದದ್ದು ನಿದ್ದೆ, ಸ್ನಾನ, ಊಟ. ಮೂರ್ತಿಯವರು ತಮ್ಮ ಜೀವನದಲ್ಲಿ ಹಾಗೆ ದುಡಿದವರು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ತಾನೇ ಕಟ್ಟಿದ ಕಂಪನಿಗೆ ದುಡಿಯುವುದು ಬೇರೆ, ಹೊಲಿಗೆ ಯಂತ್ರದ ಮುಂದೆ ಗಂಟೆಗೆ ಇಷ್ಟು ಪೀಸು ಎಂದು ಲೆಕ್ಕ ಒಪ್ಪಿಸುತ್ತಾ ದುಡಿಯುವುದು ಬೇರೆ. ಎರಡನ್ನೂ ಒಂದೇ ಗಂಟೆಯಲ್ಲಿ ಅಳೆಯಲು ನನ್ನಿಂದಾಗುವುದಿಲ್ಲ.

ಗಂಟೆಯ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ. ನನ್ನ ಚಿಂತೆ ಇನ್ನೊಂದು. 1948ರ ಕಾಯ್ದೆ ಬಿಡುವಿನ ದಿನ ಯಾವುದು ಎಂದು ಹೆಸರಿಟ್ಟು ಹೇಳಿತ್ತು. ವಾರದ ಮೊದಲ ದಿನ, ಅಂದರೆ ಭಾನುವಾರ, ಕೆಲಸ ಮಾಡಿಸುವಂತಿಲ್ಲ. ಮಾಡಿಸಲೇಬೇಕಾದರೆ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದು ಪೂರ್ತಿ ದಿನ ರಜೆ ಕೊಡಬೇಕು. ಭಾನುವಾರ ನಿಯಮ, ಬೇರೆ ದಿನ ಅದಕ್ಕೆ ಬದಲಿ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆ ಹೇಳುವುದು ಬೇರೆ ರೀತಿ. ಯಾವ ಕಾರ್ಮಿಕನೂ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಯುವಂತಿಲ್ಲ. ಅಷ್ಟೇ. ಯಾವ ದಿನ ಬಿಡುವು ಎಂಬ ಹೆಸರು ಅಲ್ಲಿಲ್ಲ. ಒಂದು ದಿನದ ರಜೆ ಉಳಿದಿದೆ, ಎಲ್ಲರಿಗೂ ಸೇರಿದ ದಿನ ಕಾನೂನಿನಿಂದ ಜಾರಿಹೋಗಿದೆ. ವೀಕೆಂಡ್ ಹೋಗಿ ವೀಕಾಫ್ ಬಂದದ್ದು ಅಂಗಡಿ, ಹೋಟೆಲಿನ ಮಾತಿನಲ್ಲಷ್ಟೇ ಅಲ್ಲ, ಕಾನೂನಿನ ಮಾತಿನಲ್ಲೂ.

ಎಲ್ಲರೂ ಭಾನುವಾರವೇ ಮನೆಯಲ್ಲಿರಲು ಆಗುವುದಿಲ್ಲ ಎಂಬುದು ಗೊತ್ತು. ಆಸ್ಪತ್ರೆ ಮುಚ್ಚುವಂತಿಲ್ಲ, ಬಸ್ಸು ನಿಲ್ಲುವಂತಿಲ್ಲ. ನಾವು ವೀಕೆಂಡ್ ಅನುಭವಿಸಬೇಕಾದರೆ ಯಾರೋ ಅಡುಗೆ ಮಾಡಬೇಕು, ಯಾರೋ ಮನೆಗೆ ತಂದು ಕೊಡಬೇಕು. ಊಟ ತಲುಪಿಸುವ ಹುಡುಗರಿಗೆ ಶನಿವಾರ, ಭಾನುವಾರವೇ ಆರ್ಡರು ಜಾಸ್ತಿ, ಇನ್ಸೆಂಟಿವ್ ಜಾಸ್ತಿ. ಅವತ್ತು ಆ್ಯಪ್ ಆಫ್ ಮಾಡಿದರೆ ವಾರದ ಸಂಪಾದನೆಯೇ ಹೋಗುತ್ತದೆ. ಆದರೆ ಈ ಕೆಲಸಗಳಿಗೂ ದಾರಿಯಿದೆ. ವೀಕಾಫ್ ವರ್ಷವಿಡೀ ಬುಧವಾರಕ್ಕೇ ಅಂಟಿಕೊಳ್ಳದೆ ಸರದಿಯಲ್ಲಿ ಬರಬಹುದು, ತಿಂಗಳಿಗೆ ಒಂದಾದರೂ ಭಾನುವಾರ ಪ್ರತಿಯೊಬ್ಬರ ಪಾಲಿಗೆ ಬೀಳಬಹುದು. ವಾರ ಎಂದರೆ ಮೊದಲೇ ಸರದಿ ತಾನೆ? ಗಂಡ ಹೆಂಡತಿ ಇಬ್ಬರೂ ಪಾಳಿಯವರಾದರೆ ಇಬ್ಬರಿಗೂ ಒಂದೇ ದಿನ ಕೇಳುವ ಹಕ್ಕು ಇರಬಹುದು. ಇದಕ್ಕೆ ಮಾಲೀಕರಿಗೆ ಹೆಚ್ಚಿನ ಖರ್ಚೇನೂ ಇಲ್ಲ, ಪಾಳಿ ಪಟ್ಟಿ ಬರೆಯುವವರಿಗೆ ಸ್ವಲ್ಪ ಕೆಲಸ ಅಷ್ಟೇ.

2022ರಲ್ಲಿ ಬ್ರಿಟನ್ನಿನ 61 ಕಂಪನಿಗಳು ಆರು ತಿಂಗಳು ನಾಲ್ಕು ದಿನದ ವಾರವನ್ನು ಸಂಬಳ ಕಡಿಮೆ ಮಾಡದೆ ಪರೀಕ್ಷಿಸಿದವು. ಅವುಗಳಲ್ಲಿ 56 ಅದನ್ನೇ ಮುಂದುವರಿಸಲು ತೀರ್ಮಾನಿಸಿದವು. ಸೇಂಟ್ ಮಂಡೇ ಆಚರಿಸಿದ ನೆಲದಲ್ಲೇ ಈಗ ಶುಕ್ರವಾರವನ್ನೂ ಬಿಡುವಿಗೆ ಸೇರಿಸುವ ಮಾತು ನಡೆದಿದೆ. ಅಲ್ಲಿಯ ಕಚೇರಿಯ ಲೆಕ್ಕವನ್ನು ಇಲ್ಲಿಯ ಕಾರ್ಖಾನೆಗೆ ನೇರವಾಗಿ ತರಲಾಗದು. ಆದರೆ ಬಿಡುವು ಕೊಟ್ಟರೆ ವ್ಯಾಪಾರ ಮುಳುಗುತ್ತದೆ ಎಂಬ ಮಾತನ್ನು 1850ರಲ್ಲೂ ಹೇಳಿದ್ದರು, 1890ರಲ್ಲೂ ಹೇಳಿದ್ದರು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳೂ ಮುಳುಗಲಿಲ್ಲ, ಭಾನುವಾರದಿಂದ ಮುಂಬಯಿ ಗಿರಣಿಗಳೂ ಮುಳುಗಲಿಲ್ಲ.

ಮೊನ್ನೆ ಮತ್ತೆ ಆ ಅಣ್ಣ ಸಿಕ್ಕಿದ್ದರು. ಪಕ್ಕದ ಬ್ಲಾಕಿನ ಸೆಕ್ಯೂರಿಟಿಯ ಜೊತೆ ಮಾತಾಡಿ ಒಂದು ಭಾನುವಾರ ಅದಲುಬದಲು ಮಾಡಿಕೊಂಡಿದ್ದಾರಂತೆ. ಬದಲಿಗೆ ಅವರಿಗೆ ಎರಡು ಬುಧವಾರ ಬಿಟ್ಟುಕೊಡಬೇಕು. "ಒಂದಕ್ಕ ಎರಡು ಕೊಟ್ಟೀನಿ, ಆದ್ರೂ ಅಡ್ಡಿಯಿಲ್ರೀ ಸರ್" ಎಂದರು. ಅವತ್ತು ಮೂವರೂ ಲಾಲ್‌ಬಾಗಿಗೆ ಹೋಗುವುದಿದೆ. ಮನೆಯಿಂದಲೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು.